ಜಪ್ತಿಯಾದ ಚಿಪ್ಪುಗಳು

ಚಿಪ್ಪಣ್ಣ ಬಾಯಿ ಮುಚ್ಚಿಕೊಂಡು ಟೀ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಲಸಿಕೆ ಲ್ಯಾಬಿನಲ್ಲಿ ವೈರಸ್ಸಿನ ಚಿಪ್ಪು ತಯಾರಿಸುವವನಾದ್ದರಿಂದ ಅವನಿಗೆ ಆ ಹೆಸರು. ಅವತ್ತು ಅವನ ಕೆಲಸ ಪರೀಕ್ಷಿಸಲು ಆಯ್ಕೆ ಸಮಿತಿ ಬರುವ ದಿನ. ಅವರು ಮೆಚ್ಚಿದರೆ ಗುತ್ತಿಗೆ ಕೆಲಸದ ಗೋಳು ತೀರಿ, ವಿಭಾಗದ ಮುಖ್ಯಸ್ಥನ ಕಾಯಂ ಕುರ್ಚಿ ಸಿಗುವುದರಲ್ಲಿತ್ತು. ಖುಷಿ ತಡೆಯಲಾರದೆ ಕ್ಯಾಂಟೀನಿನಲ್ಲಿ, "ನನ್ನ ವೈರಸ್ಸು ರೆಡಿ!" ಎಂದುಬಿಟ್ಟ.

ಪಕ್ಕದ ಮೇಜಿನ ಸುರಕ್ಷತಾಧಿಕಾರಿಯ ಕಿವಿ ನಿಮಿರಿತು. ಬೆಂಕಿ ಆರಿಸುವ ಸಿಲಿಂಡರಿನ ಧೂಳು ಒರೆಸಿದ್ದು ಬಿಟ್ಟರೆ ಈ ಮಹಾನುಭಾವ ಒಂದು ಕಡ್ಡಿ ಎತ್ತಿ ಆಚೆ ಇಟ್ಟವನಲ್ಲ.

"ಏನ್ರೀ, ವೈರಸ್ ತಂದಿಟ್ಟಿದ್ದೀರಾ? ನಮಗೆ ಹೆಂಡ್ತಿ ಮಕ್ಕಳಿಲ್ವಾ?"

"ವೈರಸ್ ಅಲ್ಲ ಸಾರ್, ಅದರ ಹೊರಗಿನ ಚಿಪ್ಪು ಅಷ್ಟೇ. ಒಳಗೆ ಟೊಳ್ಳು, ಮರಿ ಹಾಕೋ ಸಾಮಾನೇ ಇಲ್ಲ. ಮೇಲೆ ರೋಗಾಣುವಿನ ಒಂದು ಚೂರು ಅಂಟಿಸಿದ್ದೀನಿ. ಅದನ್ನ ನೋಡಿ ಮೈ ಬೆಚ್ಚಿಬಿದ್ದು ಜಗಳಕ್ಕೆ ತಯಾರಾಗುತ್ತೆ."

"ರೋಗಾಣುವಿನ ಚೂರು ಬೇರೇನಾ!"

ಅಧಿಕಾರಿ ಸೀದಾ ಲ್ಯಾಬಿಗೆ ನುಗ್ಗಿ, ಇದ್ದ ಎರಡು ಟ್ಯೂಬುಗಳಲ್ಲಿ ಒಂದನ್ನು ಸಾಕ್ಷಿಗೆಂದು ಜಪ್ತಿ ಮಾಡಿ, ತನ್ನ ಕೋಣೆಯ ಔಷಧಿ ಫ್ರಿಜ್ಜಿನಲ್ಲಿಟ್ಟು ಬೀಗ ಜಡಿದ. "ಸಮಿತಿ ಮುಂದೆ ನಿಮ್ಮ ಬಂಡವಾಳ ಬಯಲು ಮಾಡ್ತೀನಿ!"

ಇನ್ನೊಂದನ್ನಾದರೂ ಉಳಿಸಿಕೊಳ್ಳೋಣವೆಂದು ಚಿಪ್ಪಣ್ಣ ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡಿ, ಕ್ಯಾಂಟೀನಿನ ಅಕ್ಕನ ಕೈಗೆ ಕೊಟ್ಟ. "ಅಕ್ಕಾ, ಹಾಲಿನ ಪಕ್ಕ ಇಟ್ಟಿರಿ. ತಣ್ಣಗಿರಬೇಕು."

ಅಕ್ಕನದು ದೊಡ್ಡ ಮನಸ್ಸು. ಮಧ್ಯಾಹ್ನ ಅವನು ಬಂದಾಗ ಹೆಮ್ಮೆಯಿಂದ ಮೇಲಿನ ಐಸಿನ ಖಾನೆ ತೆರೆದಳು. "ಬರೀ ತಣ್ಣಗಿದ್ರೆ ಸಾಲದು ಅಂತ ನಾನೇ ಇಲ್ಲಿಟ್ಟೆ ಕಣಪ್ಪಾ. ನೋಡು, ಕಲ್ಲಾಗಿದೆ!"

ಚಿಪ್ಪಣ್ಣ ಟ್ಯೂಬನ್ನು ಕಿತ್ತುಕೊಂಡ. ಹೆಪ್ಪುಗಟ್ಟಿದರೆ ಆ ಚಿಪ್ಪುಗಳು ಒಡೆದುಹೋಗುತ್ತವೆ. ಬೇರೆ ದಾರಿಯಿಲ್ಲದೆ ಕರಗಿಸಿ ಸಮಿತಿಯ ಮುಂದಿಟ್ಟ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಬುಟ್ಟಿಗಟ್ಟಲೆ ಮೊಟ್ಟೆ ಕೆಳಗೆ ಬಿದ್ದಂತಿತ್ತು.

"ಇದಕ್ಕಾ ನಮ್ಮನ್ನ ಕರೆಸಿದ್ದು?" ಅಧ್ಯಕ್ಷರು ಮೂಗು ಮುರಿದರು.

ಅಷ್ಟರಲ್ಲಿ ಅಧಿಕಾರಿ ಟ್ಯೂಬು ಹಿಡಿದು ಒಳನುಗ್ಗಿದ. "ಇದನ್ನ ನೋಡಿ ಸಾರ್! ಸಾಕ್ಷಿ ಸಮೇತ ಹಿಡಿದಿದ್ದೀನಿ!"

ನೋಡಿದರು. ದುಂಡುದುಂಡನೆಯ ಚಿಪ್ಪುಗಳು, ಮೈತುಂಬ ಅಂಟಿಸಿದ ಚೂರುಗಳು. ಒಂದೂ ಮುಕ್ಕಾಗಿರಲಿಲ್ಲ. ಸಮಿತಿ ಚಪ್ಪಾಳೆ ತಟ್ಟಿತು. ಏನೋ ಕೂಗಲು ಬಾಯಿ ತೆರೆದಿದ್ದ ಅಧಿಕಾರಿ ಮೆಲ್ಲಗೆ ಬಾಯಿ ಮುಚ್ಚಿಕೊಂಡ.

"ಅದೂ ನಂದೇ ಸಾರ್!" ಚಿಪ್ಪಣ್ಣ ಕುಣಿದಾಡಿದ.

"ಇರಬಹುದು. ಆದ್ರೆ ನಿಮ್ಮ ಕೈಲಿದ್ದದ್ದು ಪುಡಿಯಾಗಿದೆ, ಇವರ ಕೈಲಿದ್ದದ್ದು ಉಳಿದಿದೆ. ಮುಖ್ಯಸ್ಥ ಅಂದ್ರೆ ಹೀಗೆ ಜವಾಬ್ದಾರಿ ಇರೋರು ಬೇಕು," ಎಂದರು ಅಧ್ಯಕ್ಷರು.

ಸಂಜೆಯ ಹೊತ್ತಿಗೆ ಅಧಿಕಾರಿ ಆ ಕಾಯಂ ಕುರ್ಚಿಯಲ್ಲಿ ಕೂತಿದ್ದ. ಎದೆಯ ಮೇಲೆ ಹೊಸ ಬ್ಯಾಡ್ಜು.

"ಬನ್ರೀ, ಸ್ವಲ್ಪ ಹೇಳಿಕೊಡಿ. ಆ ಚಿಪ್ಪಿನೊಳಗೆ ಏನಿರುತ್ತೆ ಅಂದ್ರಿ?"

ಚಿಪ್ಪಣ್ಣ ಬ್ಯಾಡ್ಜನ್ನೇ ನೋಡುತ್ತ ನಿಂತ.

"ಏನೂ ಇರಲ್ಲ ಸಾರ್. ಮೇಲೆ ಅಂಟಿಸಿದ್ದು ನೋಡಿ ಎಲ್ಲರೂ ಮೋಸಹೋಗ್ತಾರೆ, ಅಷ್ಟೇ."