ನನ್ನ ಕುತ್ತಿಗೆಗೆ ಬಿದ್ದ ಡಾಬಕಾದ ದಿಬ್ಬ

ನಮ್ಮ ಸೋದರತ್ತೆಗೆ ಹುಚ್ಚಿಲ್ಲ. ಬೀದರಿನ ಚಿದ್ರಿಯ ನಮ್ಮ ಓಣಿಯಲ್ಲಿ ಯಾರು ಕೇಳಿದರೂ ಇದನ್ನು ಹೇಳುತ್ತೇನೆ. ಕೇಳದವರಿಗೂ ಹೇಳಬೇಕಾಗಿ ಬಂದಿದೆ, ತೊಂದರೆ ಅದೇ!

ಹೋದ ಚಳಿಗಾಲ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲೂ ಹೋಯಿತು, ಮಾತೂ ಹೋಯಿತು. ಗೋಡೆ ನೋಡುತ್ತ ಮಲಗಿಬಿಟ್ಟರು. ಚಿಕ್ಕವರಿದ್ದಾಗ ಅಣ್ಣ ತಂಗಿ ಇಬ್ಬರೂ ಕುರಿ ಮೇಯಿಸಿದ್ದು ಔರಾದ ಕಡೆಯ ಡಾಬಕಾ ಎಂಬ ಹಳ್ಳಿಯ ಒಂದು ದಿಬ್ಬದ ಮೇಲೆ.

"ಅಣ್ಣ ದಿಬ್ಬಕ್ಕ ಹೋಗಲಾರ. ದಿಬ್ಬಾನೇ ತಂದು ಅವನ ಕೊಳ್ಳಾಗ ಹಾಕ್ತೇನಿ. ಆಗ ಹ್ಯಾಂಗ ಬಾಯಿ ಬಿಡಂಗಿಲ್ಲ ನೋಡ್ತೇನಿ," ಎಂದಳು ಅತ್ತೆ.

ಅಂದರೆ, ದಿಬ್ಬದ ಬಣ್ಣಗಳನ್ನೆಲ್ಲ ಪಟ್ಟಿ ಪಟ್ಟಿಯಾಗಿ ಹೆಣೆದು, ತಲೆಯಿಂದ ಇಳಿಸಿಕೊಳ್ಳುವ ಒಂದು ಗೋಲ್ ಮಫ್ಲರು!

ಬೀದರಿನ ಉಲ್ಲನ್ ಅಂಗಡಿಗೆ ನನ್ನನ್ನೂ ಕರೆದುಕೊಂಡು, ಸೆರಗಿನ ಗಂಟಿನೊಂದಿಗೆ ಹೋದಳು. ಬಿಚ್ಚಿದರೆ ಗಾಜಿನ ಕೌಂಟರ್ ಮೇಲೆ ಬಿದ್ದದ್ದು ಕೆಮ್ಮಣ್ಣು, ಎರೆಮಣ್ಣು, ಒಣಗಿದ ಕುಸುಬೆ ಹೂವು, ಒಂದಿಷ್ಟು ಹುಲ್ಲು.

"ಇದೇನ್ರಿ ಅಕ್ಕಾ, ಹೊಲ ಮಾರ್ಲಿಕ್ಕೆ ಬಂದೀರೇನು?" ಎಂದ ಅಂಗಡಿಯವನು.

"ಇಲ್ಲಪಾ, ಇದೇ ರಂಗಿಂದು ಉಲ್ಲನ್ ತೆಗಿ."

ಅವನು ನನ್ನನ್ನು ನೋಡಿದ. ನಾನು ಫ್ಯಾನ್ ನೋಡಿದೆ.

ಅಳತೆಗೆ ಮಾತ್ರ ನನ್ನ ಕುತ್ತಿಗೆಯೇ ಬೇಕು. ಅಪ್ಪನದೂ ನನ್ನದೂ ಒಂದೇ ನಮೂನೆಯಂತೆ. ನಾನು ಭಾಲ್ಕಿಯಲ್ಲಿ ಕಾಲೇಜು ಮೇಷ್ಟ್ರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಸುತ್ತಲೂ ನನ್ನ ವಿದ್ಯಾರ್ಥಿಗಳು. ಹುಲ್ಲಿನ ಬಣ್ಣ ನೋಡಲೆಂದೇ ಡಾಬಕಾಕ್ಕೆ ಹೋಗಿದ್ದ ಅತ್ತೆ ಬಸ್ಸಿಳಿದವಳೇ ಅರ್ಧ ಹೆಣೆದ ಮಫ್ಲರನ್ನು ನನ್ನ ತಲೆಗೆ ಇಳಿಸಿದಳು. ಆ ಬಿಸಿಲಲ್ಲಿ!

"ಥಂಡಿ ಹತ್ಯಾದೇನ್ರಿ ಸರ್?" ಹುಡುಗಿಯೊಬ್ಬಳು ಕೇಳಿದಳು.

"ಹಸರು ತಪ್ಪ್ಯಾದ! ಹುಲ್ಲು ಒಣಗಿದ್ದು ಇರ್ಬೇಕಿತ್ತು," ಎಂದು ಅತ್ತೆ ಮಫ್ಲರು ನನ್ನ ಕೊರಳಲ್ಲಿರುವಾಗಲೇ ಹೆಣಿಗೆ ಬಿಚ್ಚತೊಡಗಿದಳು. ನೂಲು ಸಲೀಸಾಗಿ ಬರಲೆಂದು ನನ್ನನ್ನೇ ತಿರುಗಲು ಹೇಳಿದಳು. ತಿರುಗಿದೆ, ಮತ್ತೇನು ಮಾಡಲಿ? ಸುತ್ತು ಬಂದಂತೆಲ್ಲ ವಿದ್ಯಾರ್ಥಿಗಳು ಹೆಚ್ಚಾಗುತ್ತಿದ್ದರು! ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಅತ್ತಿ, ನಾಚ್ಕಿ ಆಗ್ತದ!"

"ಕುರಿ ಹುಟ್ಟಿದಾಗಿಂದ ಉಣ್ಣೆ ಹೊತ್ತು ತಿರಗ್ತಾವ. ಅವು ನಾಚ್ಕೊಂತಾವೇನು? ತಿರುಗು!"

ಮರುದಿನ ಕ್ಲಾಸಿನ ಬೋರ್ಡಿನ ಮೇಲೆ ಒಂದು ಬುಗುರಿಯ ಚಿತ್ರವಿತ್ತು, ಮಫ್ಲರು ಹಾಕಿಕೊಂಡದ್ದು. ಯಾರು ಬರೆದದ್ದೆಂದು ಕೇಳುವ ಮುಖ ನನಗಿರಲಿಲ್ಲ.

ಅಂತೂ ಮಫ್ಲರು ಮುಗಿಯಿತು. ಅಪ್ಪನನ್ನು ದಿಂಬಿಗೆ ಒರಗಿಸಿ ಅತ್ತೆ ಕೊರಳಿಗೆ ಇಳಿಸಿದಳು. ಅಪ್ಪನ ಬೆರಳು ಮೆಲ್ಲಗೆ ದಿಬ್ಬ ಹತ್ತಿತು. ಎರೆಮಣ್ಣು, ಕುಸುಬೆ, ಒಣಹುಲ್ಲು, ಕೆಮ್ಮಣ್ಣು. ತುದಿಯ ಬಿಳಿ ಪಟ್ಟಿ ಕುರಿ ಹಿಂಡು. ಅಲ್ಲಿ ಬೆರಳು ನಿಂತಿತು. ತುಟಿ ಅಲುಗಿತು.

"ಕುರಿ... ನಮ್ಮವಲ್ಲ."

ಅತ್ತೆ ಹಣೆ ಬಡಿದುಕೊಂಡಳು. ಬೇರೆಯವರ ಹಿಂಡಿನಲ್ಲಿ ಗುರುತು ಸಿಗಲೆಂದು ನಮ್ಮ ಕುರಿಗಳ ಕುತ್ತಿಗೆಗೆ ಕೆಂಪು ಬಳಿಯುತ್ತಿದ್ದರಂತೆ. ಅದನ್ನೇ ಮರೆತಿದ್ದಳು!

"ಕೆಂಪು ಮರ್ತೀನಲ್ಲೋ ಅಣ್ಣಾ! ಬೈ ನನಗ, ಇನ್ನೊಮ್ಮೆ ಬೈ!" ಎಂದು ಅಳುತ್ತಲೇ ನಕ್ಕಳು.

ಗದ್ದಲ ಕೇಳಿ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ಅಪ್ಪನ ಕೊರಳಿನ ಮಫ್ಲರು ತೆಗೆದು ನನ್ನ ತಲೆಗೆ ಇಳಿಸಿಕೊಂಡೆ. ಕೆಂಪು ಸೇರಿಸಲು ಬಿಚ್ಚಬೇಕಾದ ಬಿಳಿ ಪಟ್ಟಿಯ ನೂಲಿನ ತುದಿಯನ್ನು ಅಪ್ಪನ ಕೈಗೆ ಕೊಟ್ಟು, ಯಾರೂ ಹೇಳದೆಯೇ ತಿರುಗತೊಡಗಿದೆ.