ಅಂಗಿಯಿಲ್ಲದ ಈರಪ್ಪಣ್ಣ

ಸಿನಿಮಾ ಹೀರೋ ಅಗ್ನಿತೇಜ ನನ್ನ ಹೆಸರು ಮರೆತಿರಬಹುದೆಂಬ ಸಂಶಯ ಹದಿನೆಂಟು ವರ್ಷಗಳಲ್ಲಿ ಒಂದು ದಿನವೂ ನನಗೆ ಬಂದಿರಲಿಲ್ಲ. ಸಂಶಯಪಡುವ ಕೆಲಸವನ್ನೆಲ್ಲ ನನ್ನ ಹೆಂಡತಿ ಗಂಗಾ ವಹಿಸಿಕೊಂಡಿದ್ದಳು.

ಸಂಗತಿ ಇಷ್ಟು. ಆತ ಇನ್ನೂ ಹೊಸಬನಾಗಿದ್ದಾಗ ಶಿಗ್ಗಾಂವದ ಹೆದ್ದಾರಿ ಪಕ್ಕ ಫೈಟಿಂಗ್ ಶೂಟಿಂಗ್ ನಡೆದಿತ್ತು. ನಾನು ಸವಣೂರಿನ ನನ್ನ ಟೇಲರಿಂಗ್ ಅಂಗಡಿಗೆ ಕೀಲಿ ಹಾಕಿ ನೋಡಲು ಹೋಗಿದ್ದೆ. ಹೀರೋ ಮೊದಲನೇ ಗುದ್ದು ಹೊಡೆಯುವಷ್ಟರಲ್ಲಿ ಅವನ ಅಂಗಿಯ ಗುಂಡಿಯೇ ಕಿತ್ತು ಹಾರಿತು! ಶೂಟಿಂಗಿನವರ ದರ್ಜಿ ಚಹಾ ಕುಡಿಯಲು ಹೋಗಿದ್ದ. ನನ್ನ ಕಾಲರಿನಲ್ಲಿ ಸೂಜಿ ದಾರ ಸದಾ ಸಿದ್ಧ. ಮಂದಿಯ ನಡುವೆ ನುಗ್ಗಿ, ನಿಂತ ಕಾಲ ಮೇಲೆ ಗುಂಡಿ ಹಚ್ಚಿಕೊಟ್ಟೆ. "ನಿಮ್ಮ ಹೆಸರೇನು?" ಎಂದ. "ಈರಪ್ಪ ರೀ" ಎಂದೆ. "ಈರಪ್ಪಣ್ಣಾ, ನಿಮ್ಮನ್ನ ಮರೆಯೋಕಾಗುತ್ತಾ?" ಎಂದ. ಅಂದಿನಿಂದ ಈ ಕಥೆ ಕೇಳದೆ ಯಾವ ಗಿರಾಕಿಯೂ ನನಗೆ ಅಳತೆ ಕೊಟ್ಟು ಪಾರಾಗಿಲ್ಲ.

"ಹೌದ್ರಿ, ನಿಮ್ಮನ್ನ ನೆನಸ್ಕೊಂಡು ಅಂವಾ ಊಟಾನ ಬಿಟ್ಟಾನಂತ, ಪಾಪ!" ಎನ್ನುತ್ತಿದ್ದಳು ಗಂಗಾ.

ಈಚೆಗೆ ಆತ ರೈತನ ಪಾತ್ರ ಮಾಡಿದ ಸಿನಿಮಾ ಬಿಡುಗಡೆಗೆ ಸಿದ್ಧವಾಯಿತು. ಅಲ್ಲಿಯವರೆಗೆ ವಿದೇಶಿ ಕಾರುಗಳ ಮೇಲೆ ಕುಣಿಯುತ್ತಿದ್ದವನು ಒಮ್ಮೆಲೇ 'ರೈತರ ಮನೆಮಗ' ಆದ. 'ನಿಮ್ಮ ಮನೆಗೆ ಮನೆಮಗ' ಎಂಬ ಅರ್ಜಿ ನನ್ನ ಫೋನಿಗೂ ಬಂತು. ರೈತ ಅಭಿಮಾನಿಗಳು ತಮ್ಮ ನೆನಪು ಬರೆದು ಕಳಿಸಬೇಕು, ಆತ ಒಬ್ಬರ ಮನೆಗೆ ಊಟಕ್ಕೆ ಬರುತ್ತಾನೆ! ನಾನು ಗುಂಡಿಯ ಕಥೆ ಬರೆದೆ. 'ಉದ್ಯೋಗ' ಎಂಬಲ್ಲಿ 'ಕೃಷಿ' ಎಂದು ತುಂಬಿದೆ. ಪೂರ್ತಿ ಸುಳ್ಳೇನಲ್ಲ. ಯಲವಿಗಿ ಕಡೆ ನಮ್ಮದೊಂದು ತುಂಡು ಹೊಲವಿದೆ. ಬೇರೆಯವರು ಬಿತ್ತುತ್ತಾರೆ, ಬೇರೆಯವರೇ ಬೆಳೆಯುತ್ತಾರೆ. ನಾನು ವರ್ಷಕ್ಕೊಮ್ಮೆ ಹೋಗಿ ಅದು ಅಲ್ಲಿಯೇ ಇದೆಯೇ ಎಂದು ನೋಡಿ ಬರುತ್ತೇನೆ.

ಹತ್ತು ದಿನಕ್ಕೆ ಬೆಂಗಳೂರಿನಿಂದ ಫೋನು! "ನಾನು ರಿಯಾ, ಅಗ್ನಿತೇಜ ಸರ್ ಪ್ರಚಾರ ನೋಡ್ಕೊಳ್ತೀನಿ. ಸರ್ ನಿಮ್ಮ ಮನೆಗೆ ಇದ್ದಕ್ಕಿದ್ದ ಹಾಗೆ ಬರ್ತಾರೆ. ಶುಕ್ರವಾರ ಹನ್ನೊಂದೂವರೆಗೆ."

"ಇದ್ದಕ್ಕಿದ್ದಂಗ ಅಂದ್ರ…?"

"ನಿಮಗೆ ಗೊತ್ತೇ ಇರಬಾರದು. ಯಾರಿಗೂ ಹೇಳ್ಬೇಡಿ."

ನಾನು ಯಾರಿಗೂ ಹೇಳಲಿಲ್ಲ. ಎದುರಿನ ಎಲೆ ಅಂಗಡಿಯ ಮಾಬುಸಾಬನಿಗೆ ಮಾತ್ರ ಹೇಳಿದೆ. ಅವನ ಅಂಗಡಿ ಬಸ್‌ಸ್ಟ್ಯಾಂಡ್ ದಾರಿಯಲ್ಲಿದೆ ಎಂಬುದನ್ನು ಆ ಹೊತ್ತಿನಲ್ಲಿ ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಗಂಗಾ ಸೊಂಟಕ್ಕೆ ಕೈಯಿಟ್ಟು ಷರತ್ತು ಹಾಕಿದಳು. "ನೋಡ್ರಿ, ಓಣ್ಯಾಗಿನ ಮಂದಿ ಮುಂದ ಅಂವಾ ನಿಮ್ಮನ್ನ ಹೆಸರು ಹಿಡದು ಕರದ್ರ, ಇನ್ನ ಮುಂದ ಆ ಗುಂಡಿ ಕಥಿಗೆ ನಾ ಒಂದ್ ಮಾತೂ ಅನ್ನಂಗಿಲ್ಲ. ಕರೀಲಿಲ್ಲ ಅಂದ್ರ?"

"ಕರೀಲಿಲ್ಲ ಅಂದ್ರ ಆ ಕಥಿ ಮತ್ತ ಬಾಯಾಗ ತರಂಗಿಲ್ಲ! ಈ ಕತ್ತರಿ ಮ್ಯಾಲ ಆಣಿ!" ಎಂದೆ.

ಹದಿನೆಂಟು ವರ್ಷಗಳ ಮರ್ಯಾದೆಯನ್ನು ಹೀಗೆ ಪಣಕ್ಕಿಟ್ಟವನು ಸುಮ್ಮನೆ ಕೂರುವುದುಂಟೇ! ಮನೆಗೆ ಗಿಳಿಹಸಿರು ಬಣ್ಣ ಹೊಡೆಸಿದೆ. ಹೊಸ ಪರದೆ ಹೊಲಿದೆ. ಹೊಸ ಪ್ಯಾಂಟು, ಹೊಸ ಅಂಗಿ ಹೊಲಿದು, ಗೆರೆ ಬೀಳುವಂತೆ ಇಸ್ತ್ರಿ ಮಾಡಿ ಹಾಕಿಕೊಂಡೆ. ಏನೂ ಗೊತ್ತಿಲ್ಲದವನಂತೆ ಬೆರಗಾಗುವುದನ್ನು ಕನ್ನಡಿಯ ಮುಂದೆ ಮೂರು ದಿನ ಅಭ್ಯಾಸ ಮಾಡಿದೆ.

ಶುಕ್ರವಾರ ಎಂಟು ಗಂಟೆಗೇ ಎರಡು ವ್ಯಾನು ಬಂದು ನಿಂತವು. ರಿಯಾ ಮೇಡಂ ಇಳಿದು ಮನೆ ನೋಡಿ ಹಣೆ ಹಿಡಿದುಕೊಂಡರು.

"ಅಯ್ಯೋ ಈರಪ್ಪನವರೇ, ಬಣ್ಣ ಯಾಕೆ ಹೊಡೆಸಿದ್ರಿ? ನಮಗೆ ಬಡತನ ಬೇಕಿತ್ತು!"

ತಕ್ಷಣ ಹಿತ್ತಲಿನ ಕಟ್ಟಿಗೆ ಕೋಣೆಯನ್ನು ನಮ್ಮ ಮನೆಯೆಂದು ಘೋಷಿಸಲಾಯಿತು. ಎಲ್ಲಿಂದಲೋ ನೇಗಿಲು ತಂದು ಒರಗಿಸಿದರು. ಗೋವಿನಜೋಳದ ದಂಟಿನ ಸಿವುಡು ಪೇರಿಸಿದರು. ಆಮೇಲೆ ಮೇಡಂ ನನ್ನನ್ನು ಕಾಲಿನಿಂದ ಕನ್ನಡಕದವರೆಗೆ ನೋಡಿದರು.

"ನೀವು ರೈತರ ಥರಾನೇ ಇಲ್ವಲ್ಲ!"

"ನಾ ದರ್ಜಿ ರೀ."

"ಅರ್ಜಿಯಲ್ಲಿ ಕೃಷಿ ಅಂತ ಇತ್ತು."

ನಾನು ಪರದೆಯ ಹೊಲಿಗೆ ಪರೀಕ್ಷಿಸತೊಡಗಿದೆ. ಅಷ್ಟರಲ್ಲಿ ಎರಡನೇ ವ್ಯಾನಿನಿಂದ ಗಿರಿಜಾ ಮೀಸೆಯ, ತಲೆಗೆ ರುಮಾಲು ಸುತ್ತಿದ, ಬರಿಮೈಯ ಒಬ್ಬ ಗೃಹಸ್ಥ ಇಳಿದ. "ನಮ್ಮ ಕಡೆ ಇವರು ಯಾವಾಗಲೂ ರೆಡಿ ಇರ್ತಾರೆ. ಇವತ್ತು ಇವರೇ ಈರಪ್ಪ" ಎಂದರು ಮೇಡಂ.

"ಮತ್ತ ನಾ?"

"ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ."

ಆ ನಟ ಬಹಳ ಸಭ್ಯ. ಬಂದು ನನ್ನ ಕೈ ಕುಲುಕಿದ. "ನಮಸ್ಕಾರ ರೀ. ನಿಮ್ಮ ಪಾತ್ರ ಭಾಳ ಚಲೋ ಐತಿ" ಎಂದ.

"ಅದೆಲ್ಲಾ ಖರೆ, ಆದ್ರ ನಿಮ್ಮ ಅಂಗಿ ಎಲ್ಲೈತ್ರಿ?" ಎಂದು ನಾನು ವೃತ್ತಿಸಹಜವಾಗಿ ಕೇಳಿದೆ.

ಉತ್ತರ ಮೇಡಂ ಕೊಟ್ಟರು. "ಕಥೆ ಸ್ವಲ್ಪ ತಿದ್ದಿದ್ದೀವಿ. ಹದಿನೆಂಟು ವರ್ಷದ ಹಿಂದೆ ಮೈಮೇಲೆ ಅಂಗಿ ಇಲ್ಲದೆ ನಿಂತಿದ್ದ ಬಡ ರೈತನಿಗೆ ಸರ್ ತಮ್ಮ ಅಂಗೀನೇ ಬಿಚ್ಚಿಕೊಟ್ರು."

"ಅಲ್ರಿ! ಅವರ ಅಂಗಿಗೆ ಗುಂಡಿ ಹಚ್ಚಿದಾಂವ ನಾನರೀ!"

"ಗುಂಡಿಗೆ ಯಾರು ಅಳ್ತಾರೆ ಹೇಳಿ? ಮುಂದಿನ ವಾರ ಸಿನಿಮಾ ರಿಲೀಸ್. ಟ್ರ್ಯಾಕ್ಟರಿನವರು, ಗೊಬ್ಬರದವರು, ಬನಿಯನ್ ಕಂಪನಿಯವರು ಸರ್ ಜೊತೆ ಜಾಹೀರಾತಿಗೆ ಕಾಯ್ತಿದ್ದಾರೆ. ಎಲ್ಲಾ ನಿಂತಿರೋದು ಸರ್ ಕಣ್ಣೀರಿನ ಮೇಲೆ. ಬನಿಯನ್‌ನವರಿಗಂತೂ ಈ ಕಥೆ ತುಂಬಾ ಇಷ್ಟ ಆಗಿದೆ!"

ಮೂವತ್ತು ವರ್ಷ ಊರಿಗೆಲ್ಲ ಅಂಗಿ ಹೊಲಿದವನು ನಾನು! ಎಲ್ಲರನ್ನೂ ವ್ಯಾನು ಹತ್ತಿಸಿ ಕಳಿಸಿಬಿಡಬೇಕಿತ್ತು. ಕಳಿಸಲಿಲ್ಲ. ಆತ ಒಮ್ಮೆ ನನ್ನ ಮುಖ ನೋಡಲಿ, ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ, ಈ ರುಮಾಲು ಮೀಸೆಗಳೆಲ್ಲ ಬಿದ್ದುಹೋಗುತ್ತವೆ ಎಂದು ಗಟ್ಟಿಯಾಗಿ ನಂಬಿದ್ದೆ. ಆಸೆ ಕೆಟ್ಟದ್ದು ನೋಡಿ.

ಹನ್ನೊಂದೂವರೆಗೆ ಸರಿಯಾಗಿ ಆತ ಇದ್ದಕ್ಕಿದ್ದಂತೆ ಬಂದ. ಏನೂ ಗೊತ್ತಿಲ್ಲದ ಇಡೀ ಸವಣೂರು ಬೆಳಗಿನಿಂದ ನಮ್ಮ ಹಿತ್ತಲ ಗೋಡೆ ಹತ್ತಿ ಕುಳಿತಿತ್ತು. ಹೂವು ಬಿತ್ತು, ಸಿಳ್ಳೆ ಬಿತ್ತು, ಗೋಡೆಯ ಎರಡು ಕಲ್ಲೂ ಬಿದ್ದವು! ನನ್ನ ಎದೆ ನನ್ನದೇ ಹೊಲಿಗೆ ಯಂತ್ರದಂತೆ ಓಡತೊಡಗಿತು. ಆತ ಎರಡೂ ಕೈ ಚಾಚಿ ಬಂದ. ನಾನೂ ಕೈ ಚಾಚಿದೆ. ಆತ ನನ್ನ ಪಕ್ಕದಿಂದ ಹಾದುಹೋಗಿ ಬರಿಮೈಯವನನ್ನು ತಬ್ಬಿಕೊಂಡ.

"ಈರಪ್ಪಣ್ಣಾ, ನಿಮ್ಮನ್ನ ಮರೆಯೋಕಾಗುತ್ತಾ?"

ಅದೇ ಮಾತು! ಅಕ್ಷರ ಅಕ್ಷರ ಅದೇ! ಹದಿನೆಂಟು ವರ್ಷ ಕಾದಿದ್ದ ಮಾತು ಬೆಳಿಗ್ಗೆ ವ್ಯಾನಿನಲ್ಲಿ ಬಂದಿಳಿದವನ ಪಾಲಾಯಿತು. ನನಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಗಂಗಾ ನನ್ನತ್ತ ನೋಡಿದಳು. ನಗಲಿಲ್ಲ.

ಇಬ್ಬರೂ ಊಟಕ್ಕೆ ಕೂತರು. ಸರ್ ಒಂದು ಚೂರು ರೊಟ್ಟಿ ಮುರಿದು ಬಾಯಿಯ ಹತ್ತಿರ ಹಿಡಿಯುತ್ತಾರೆ, ಅಷ್ಟಕ್ಕೇ ಕಟ್, ಅವರು ಪಥ್ಯದಲ್ಲಿದ್ದಾರೆ ಎಂದು ಮೇಡಂ ಮೊದಲೇ ಹೇಳಿದ್ದರು. ಆದರೆ ನಮ್ಮ ಮನೆಗೆ ಬಂದವನು ಒಂದು ಚೂರಿಗೆ ಏಳುವುದೆಂದರೇನು! ಗಂಗಾ ಬಿಸಿ ರೊಟ್ಟಿ ಹಿಡಿದು ಬಂದೇಬಿಟ್ಟಳು.

"ಅಯ್ಯ, ಇಷ್ಟಕ್ಕ ಸಾಕಂದ್ರ ಹೆಂಗ್ರಿ? ಹಾಕ್ಸ್ಕೋರಿ. ನಮ್ಮ ಮ್ಯಾಲ ಸಿಟ್ಟೇನ್ರಿ?"

ಕ್ಯಾಮರಾ ಓಡುತ್ತಿತ್ತು. ಮನೆಮಗ ಬೇಡ ಎನ್ನುವಂತಿರಲಿಲ್ಲ. ತಿಂದ. ಗೋಡೆಯ ಮೇಲಿನಿಂದ ಮಾಬುಸಾಬ, "ಇನ್ನೊಂದು ಹಾಕ್ರಿ ವೈನಿ, ದೂರದಿಂದ ಬಂದಾರ!" ಎಂದ. ಇನ್ನೊಂದು ಬಿತ್ತು.

ನನಗೆ ಹೊಳೆಯಿತು. ಬಡಿಸುವವನನ್ನು ಯಾರು ತಡೆಯುತ್ತಾರೆ? ಹಣ್ಣುಮೆಣಸಿನಕಾಯಿ ಅರೆದ ರಂಜಕದ ಬಟ್ಟಲು ಎತ್ತಿಕೊಂಡು ನಡೆದೆ. ನಾವೇ ಅದನ್ನು ಬೆಣ್ಣೆ ಕಲಸಿ ರೊಟ್ಟಿಯ ಅಂಚಿಗೆ ಸವರಿಕೊಂಡು ತಿನ್ನುವುದು. ನನ್ನ ಕಣ್ಣು ಆತನ ಮುಖದ ಮೇಲಿತ್ತು, ಚಮಚೆಯ ಮೇಲಿರಲಿಲ್ಲ. ಬಗ್ಗಿ ಕಿವಿಯಲ್ಲಿ, "ಸರ, ಶಿಗ್ಗಾಂವ… ಗುಂಡಿ… ನಾನರೀ ಈರಪ್ಪ!" ಎಂದೆ. ಅಷ್ಟರಲ್ಲಿ ಅರ್ಧ ಬಟ್ಟಲು ರಂಜಕ ತಟ್ಟೆಗೆ ಜಾರಿತ್ತು. ಆತ ಕ್ಯಾಮರಾ ನೋಡುತ್ತಲೇ ಅದನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟ.

ಮೊದಲು ಕಿವಿ ಕೆಂಪಾದವು. ಆಮೇಲೆ ಮೂಗು. ಆಮೇಲೆ ಕಣ್ಣುಗಳಿಂದ ಧಾರೆಧಾರೆಯಾಗಿ ನೀರು!

"ಯಾರೂ ಕಟ್ ಅನ್ಬೇಡಿ!" ಎಂದು ಮೇಡಂ ನಿಂತಲ್ಲೇ ಕುಣಿದರು. ನುರಿತ ನಟನಾದ್ದರಿಂದ ಇನ್ನೊಬ್ಬ ಈರಪ್ಪನೂ ಜೊತೆಗೂಡಿ ಅತ್ತ. ಹೀರೋ ತಡಕಾಡಿ ನನ್ನ ಕೈ ಹಿಡಿದ. ನನ್ನ ಕೈ! ಹದಿನೆಂಟು ವರ್ಷಗಳ ನಂತರ ಆತ ನೇರವಾಗಿ ನನ್ನ ಮುಖ ನೋಡಿ ಬಾಯಿ ತೆರೆದ.

"ನೀರು! ನೀರು ಕೊಡಯ್ಯಾ!"

ಕೊಟ್ಟೆ.

ಮರುದಿನ 'ರೈತನ ಬಡತನ ಕಂಡು ಕಣ್ಣೀರಿಟ್ಟ ಮನೆಮಗ' ಎಂಬ ವಿಡಿಯೋ ಎಲ್ಲರ ಫೋನಿನಲ್ಲಿ. ಕೊನೆಗೆ ಬನಿಯನ್ ಜಾಹೀರಾತು. ಹಾನಗಲ್ಲಿನಿಂದ ನನ್ನ ತಂಗಿ ಗಾಬರಿಯಾಗಿ ಫೋನು ಮಾಡಿದಳು. "ಅಣ್ಣಾ, ಯಾಂವ ಆ ಬರಿಮೈಯಾಂವ? ವೈನಿ ಯಾಕ ಅವಂಗ ಬಡಸಾಕತ್ತಾಳ? ನೀ ಎಲ್ಲದಿ?" ನಾನು ವಿಡಿಯೋದಲ್ಲಿ ಇದ್ದೆ. ಚಮಚೆ ಹಿಡಿದ ಒಂದು ಕೈ ಕಾಣುತ್ತದಲ್ಲ, ಅದು ನನ್ನದು.

ನಾನು ಕತ್ತರಿಯ ಮೇಲಿನ ಆಣೆ ನೆನೆದು ತಲೆತಗ್ಗಿಸಿ ಕುಳಿತಿದ್ದೆ. ಗಂಗಾ ಬಂದು ಚಹಾ ಇಟ್ಟಳು. "ಕರದಾನಲ್ರಿ, ಬಿಡ್ರಿ. ಹೆಸರು ನಿಮ್ದ ಕರದ. ಮನಶ್ಯಾ ಬ್ಯಾರೆ ಆದ, ಅಷ್ಟ" ಎಂದಳು.

ಆ ಭಾನುವಾರ ಹಿರೇಕೆರೂರಿನಿಂದ ಗಂಡ ಹೆಂಡತಿ ಇಬ್ಬರು ಕೈಯಲ್ಲೊಂದು ಚೀಲ ಹಿಡಿದು ಬಂದರು. "ಅಂಗಿ ಇಲ್ಲದ ಈರಪ್ಪಣ್ಣಾರ ಮನಿ ಇದ ಏನ್ರಿ?"

ನನ್ನ ಹಿಂದೆ ಹೊಲಿದ ಅಂಗಿಗಳು ಸಾಲಾಗಿ ತೂಗುತ್ತಿದ್ದವು. "ನಾನರೀ ಈರಪ್ಪ" ಎಂದೆ.

ಗಂಡ ನನ್ನ ಇಸ್ತ್ರಿ ಅಂಗಿ ನೋಡಿದ. "ಚ್ಯಾಷ್ಟಿ ಬ್ಯಾಡ್ರಿ. ದೂರದಿಂದ ಬಂದೇವಿ, ಅವರನ್ನ ಕರೀರಿ."

ಏನು ಹೇಳಲಿ? "ಹೊಲಕ್ಕ ಹೋಗ್ಯಾರ್ರಿ" ಎಂದೆ. ನಾನೇ ಎಂದೆ!

"ಹಂಗಾರ ಇದನ್ನ ಅವರಿಗೆ ಮುಟ್ಟಸ್ರಿ" ಎಂದು ಹೆಂಡತಿ ಚೀಲ ಕೊಟ್ಟು, ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. "ಮತ್ತ ನೀವ ಇಟ್ಕೊಂಡ್‌ಗಿಟ್ಕೊಂಡೀರಿ!"

ಚೀಲದಲ್ಲಿ ಒಂದು ಅಂಗಿ ಇತ್ತು. ಅದೂ ರೆಡಿಮೇಡ್! ಮೇಲಿನ ಗುಂಡಿ ಸಡಿಲಾಗಿ ನೇತಾಡುತ್ತಿತ್ತು. ಸಿಟ್ಟು ಬಂತು, ನಗು ಬಂತು. ಕೈ ಮಾತ್ರ ತಾನಾಗಿ ಕಾಲರಿಗೆ ಹೋಗಿ ಸೂಜಿ ತೆಗೆಯಿತು. ಗುಂಡಿ ಬಿಗಿಮಾಡುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಗಂಗಾ ಥೇಟ್ ಹೀರೋನ ಗತ್ತಿನಲ್ಲಿ ಕೇಳಿದಳು, "ನಿಮ್ಮ ಹೆಸರೇನ್ರಿ?"

ಹೇಳಲು ನನಗೆ ಒಂದು ಕ್ಷಣ ಯೋಚಿಸಬೇಕಾಯಿತು.