ತಲೆಕೆಳಗಾಗಿ ಇಳಿದ ಬೀರು

ಬೀರುವನ್ನು ಬಿಚ್ಚಿಯೇ ಇಳಿಸಬೇಕೆಂದು ಬಡಗಿ ಹೇಳಿದ್ದ. ಬಿಚ್ಚುವುದು ಬೇಡ, ಅದು ತನ್ನಪ್ಪ ಮಾಡಿಸಿಕೊಟ್ಟದ್ದು ಎಂದು ಹೆಂಡತಿ ಹಟ ಹಿಡಿದಳು. ಗಂಡ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಅಕ್ಕಪಕ್ಕದವರ ಬಾಯಲ್ಲಿ ಕರಡಪ್ಪ. ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿಯೇ ಬದುಕಿದ್ದ ಅವನು ಬಡಗಿಯ ಮಾತಿನಲ್ಲೂ ಒಂದು ತಪ್ಪು ಕಂಡುಹಿಡಿದ. ಟೇಪು ಹಿಡಿದು ಅಳೆದು, ಹಾಗೇ ಇಳಿಯುತ್ತದೆ ಎಂದು ತೀರ್ಪು ಕೊಟ್ಟ.

ಕಿವುಡ ಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ಹೆಂಡತಿಗೆ ಹೊರದೇಶದಲ್ಲಿ ಎರಡು ವರ್ಷದ ತರಬೇತಿ ಸಿಕ್ಕಿತ್ತು. ಗಂಡ, ಮಗಳು ಇಬ್ಬರೂ ಜೊತೆಗೆ. ಗುರುವಾರ ವಿಮಾನ. ಮನೆ ಬಾಡಿಗೆಗೆ ಹೋಗಿತ್ತು; ಬೀರು ಭಾವಮೈದುನನ ಗ್ಯಾರೇಜು ಸೇರಬೇಕಿತ್ತು.

ಸೋಮವಾರ ಬೆಳಿಗ್ಗೆ ನೆಲಮಹಡಿಯ ಹಲ್ಲಿನ ಡಾಕ್ಟರು ತಾವಾಗಿಯೇ ಕೈಜೋಡಿಸಲು ಬಂದರು. ಒಬ್ಬ ಪೇಶೆಂಟಿಗೆ ಆಗಷ್ಟೇ ಇಂಜೆಕ್ಷನ್ ಚುಚ್ಚಿ ಕೂರಿಸಿದ್ದರು. ದವಡೆ ಮರಗಟ್ಟಲು ಹತ್ತು ನಿಮಿಷ ಬೇಕಂತೆ, ಅಷ್ಟರಲ್ಲಿ ಬೀರು ಬೀದಿಯಲ್ಲಿರುತ್ತದಂತೆ.

ಬೀರು ಮೂರನೆಯ ಮಹಡಿಯಿಂದ ತುಂಬು ಗಬ್ಬದ ಎಮ್ಮೆಯಂತೆ ನಿಧಾನವಾಗಿ ಹೊರಟು, ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಮೇಲೆ ಡಾಕ್ಟರು, ಹೆಂಡತಿ, ಮಗಳು, ಕೆಳಗೆ ಕರಡಪ್ಪ; ನಡುವೆ ನುಸುಳಲು ಜಾಗವಿಲ್ಲ. ಗಂಟೆ ಹನ್ನೊಂದಾಗಿತ್ತು. ಹನ್ನೆರಡರೊಳಗೆ ಹೆಂಡತಿ ವೀಸಾ ಕಚೇರಿಯಿಂದ ಪಾಸ್‌ಪೋರ್ಟುಗಳನ್ನು ತರದಿದ್ದರೆ, ಆ ಕಚೇರಿ ಮತ್ತೆ ಬಾಗಿಲು ತೆರೆಯುವುದು ಶುಕ್ರವಾರ.

ಒಂದನೆಯ ಮಹಡಿಯ ನಿವೃತ್ತ ಹೆಡ್‌ಮಿಸ್ಟ್ರೆಸ್ ತಿರುವಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಎಡಕ್ಕೆ ಎಂದರು, ಬಲಕ್ಕೆ ಎಂದರು, ಯಾರ ಎಡ ಎಂದು ಕೇಳಿದ್ದಕ್ಕೆ ಸಿಟ್ಟಾದರು. ಸ್ವಲ್ಪ ಹೊತ್ತಿಗೆ ಪೇಶೆಂಟೂ ಮೆಟ್ಟಿಲು ಹತ್ತಿ ಬಂದ. ಅವನ ಅರ್ಧ ಬಾಯಿ ಜೋತುಬಿದ್ದಿತ್ತು.

“ಆಕ್ಟ್ರೇ, ಅಲ್ಲು ಈಳೋದು ಯಾಆಗ?”

ಮರಗಟ್ಟಿದ್ದು ಇಳಿಯಲು ಇನ್ನೂ ಮುಕ್ಕಾಲು ಗಂಟೆಯಿದೆ, ಧೈರ್ಯವಾಗಿರಿ ಎಂದು ಡಾಕ್ಟರು ಬೀರುವಿನ ಆಚೆಯಿಂದಲೇ ಸಮಾಧಾನ ಹೇಳಿದರು.

ಕರಡಪ್ಪನ ಅಂಗಿ ಒದ್ದೆಯಾಗಿ ಬೆನ್ನಿಗಂಟಿತ್ತು. ಬಡಗಿಯನ್ನೇ ಕರೆಸಿ ಎಂದು ಹೆಡ್‌ಮಿಸ್ಟ್ರೆಸ್ ಮೂರನೆಯ ಸಲ ಹೇಳಿದಾಗ ಅವನು ಮೆಟ್ಟಿಲ ಮೇಲೆ ಕೂತು, ಕೆಟ್ಟ ಅಚ್ಚಿನ ಪುಟ ನೋಡುವಂತೆ ತಲೆ ವಾರೆ ಮಾಡಿ ಬೀರುವನ್ನು ನೋಡಿದ. ಅದರ ನೆತ್ತಿಯ ಅಗಲವಾದ ಪಟ್ಟಿ ಮೆಟ್ಟಿಲ ಕಟಕಟೆಯ ಕಂಬಿಗಳ ಸಂದಿಗೆ ಕಚ್ಚಿಕೊಂಡಿತ್ತು. ಇಷ್ಟೇ ತಪ್ಪು.

“ಡಾಕ್ಟ್ರೇ, ಇದನ್ನ ತಲೆಕೆಳಗಾಗಿ ನಿಲ್ಸೋಣ,” ಎಂದ. “ಆಮೇಲೆ ತಿರುಗಿಸಿ ಕಾಲು ಮುಂದೆ ಮಾಡಿದ್ರೆ ಇಳಿಯುತ್ತೆ.”

ಡಾಕ್ಟರು ಎತ್ತಿದರು, ಹೆಂಡತಿ ತಳ್ಳಿದಳು, ಪೇಶೆಂಟು ನೋವೇ ಇಲ್ಲದ ಹುಮ್ಮಸ್ಸಿನಲ್ಲಿ ಕೆಳಗಿನಿಂದ ಭುಜ ಕೊಟ್ಟ. ಬೀರು ಶೀರ್ಷಾಸನ ಹಾಕಿ ನಿಂತಿತು, ಒಮ್ಮೆ ನರಳಿತು, ತಿರುಗಿತು, ಸಲೀಸಾಗಿ ಬೀದಿಯವರೆಗೂ ಇಳಿಯಿತು. ಒಂದು ಗೀರೂ ಬಿದ್ದಿರಲಿಲ್ಲ. ಮಗಳು ಮೆಟ್ಟಿಲುದ್ದಕ್ಕೂ ಚಪ್ಪಾಳೆ ತಟ್ಟುತ್ತ ಬಂದಳು. ಹೆಡ್‌ಮಿಸ್ಟ್ರೆಸ್ ಎದ್ದು ನಿಂತು ನೂರಕ್ಕೆ ನೂರು ಎಂದರು. ಅವರು ಯಾರಿಗೂ ತೊಂಬತ್ತರ ಮೇಲೆ ಕೊಟ್ಟವರಲ್ಲ. ಬೀರುವಿಗೆ ಒರಗಿ ನಿಂತ ಕರಡಪ್ಪ ಹುಲಿ ಹೊಡೆದವನಂತೆ ಮೀಸೆ ತೀಡಿದ. ಹನ್ನೆರಡಕ್ಕೆ ಇನ್ನೂ ಅರ್ಧ ಗಂಟೆಗಿಂತ ಹೆಚ್ಚು ಸಮಯವಿತ್ತು.

ಟ್ಯಾಕ್ಸಿ ಬಂತು. ಅದರಿಂದ ಇಳಿದದ್ದು ಬಾಡಿಗೆಗೆ ಬರಲಿದ್ದ ದಂಪತಿ, ಕೀಲಿಕೈಗೆಂದು ಬಂದಿದ್ದರು. ಅದೇ ಟ್ಯಾಕ್ಸಿಗೆ ಹೆಂಡತಿ ಹತ್ತಿ ಕೂತಳು. ಬೀದಿಯಲ್ಲಿ ನಿಂತ ಬೀರು ಕಂಡು ಬಾಡಿಗೆಯ ಹೆಂಗಸಿನ ಮುಖ ಸಣ್ಣಗಾಯಿತು.

“ಇದನ್ಯಾಕೆ ಇಳಿಸಿದ್ರಿ? ಎರಡು ವರ್ಷ ಇದು ನಮಗೇ ಅಂತ ಕರಾರಲ್ಲಿದೆಯಲ್ಲ. ಅದಕ್ಕೇ ನಮ್ದನ್ನ ತಂಗಿಗೆ ಕೊಟ್ಬಿಟ್ವಿ.”

ಚೀಲದಿಂದ ಕರಾರುಪತ್ರ ತೆಗೆದು ತೋರಿಸಿದಳು. ಬ್ರೋಕರ್ ಟೈಪು ಮಾಡಿಸಿದ ಏಳನೆಯ ಸಾಲಿನಲ್ಲಿ, ‘ಮರದ ಬಿರು ಬಾಡಿಗೆದಾರರ ಬಳಕೆಗೆ’ ಎಂದಿತ್ತು. ‘ಬಿ’ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಮುದ್ದಾಗಿ ದೀರ್ಘ ಎಳೆದಿತ್ತು. ಕೆಳಗೆ ಕರಡಪ್ಪನ ಸಹಿ.

ಹೆಂಡತಿ ಟ್ಯಾಕ್ಸಿಯ ಕಿಟಕಿಯಿಂದ ತಲೆ ಹೊರಹಾಕಿದಳು. “ಸಹಿ ಹಾಕೋ ಮುಂಚೆ ಓದಿ ಅಂತ ನಿಮ್ಗೆ ಕೊಟ್ಟಿದ್ನಲ್ಲ. ಓದ್ಲಿಲ್ವಾ?”

“ಓದ್ದೆ,” ಎಂದ ಕರಡಪ್ಪ. “ಹನ್ನೊಂದು ತಪ್ಪು ತಿದ್ದಿದೀನಿ.”

ಟ್ಯಾಕ್ಸಿ ಹೊರಟಿತು. ಕರಡಪ್ಪ ತೋಳೇರಿಸಿ ಬೀರುವಿನ ಕಾಲ ಕಡೆಗೆ ನಡೆದ.